ಹೊಸ ಬ್ಯಾಟರಿಗೆ ಸಾಲ ಮಾಡುವ ಮುಂಚೆ

(ಸಾಂಬ್ರಾಣಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಸೋಲಾರ್ ದೀಪ ನಿರ್ವಹಣೆ ತರಬೇತಿಯಲ್ಲಿ ಆಡಿದ ಮಾತುಗಳು)



ಸಂಘದಲ್ಲಿ ಯಾರಾದರೂ ಸಾಲ ಕೇಳಿದರೆ ನೀವು ಸುಮ್ಮನೆ ಕೊಡೋದಿಲ್ಲ. ಯಾತಕ್ಕೆ ಬೇಕು, ಹೇಗೆ ತೀರಿಸ್ತೀಯಾ ಅಂತ ಕೇಳ್ತೀರಿ. ಇನ್ನು ಮುಂದೆ ಒಬ್ಬ ಅಕ್ಕ "ಸೋಲಾರ್ ಬ್ಯಾಟರಿ ಹೋಗಿದೆ, ಹೊಸದು ತರಬೇಕು" ಅಂದಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಬ್ಯಾಟರಿಯೇ ಹೋಗಿದೆ ಅಂತ ಯಾರು ನೋಡಿದರು?"

ನಾನು ಕಂಡ ಒಂದು ಮನೆಯ ಕಥೆ ಹೇಳ್ತೀನಿ. ದೀಪ ರಾತ್ರಿ ಒಂದು ಗಂಟೆಯೂ ಉರಿಯುತ್ತಿರಲಿಲ್ಲ. ಸಾಲ ಮಾಡಿ ಹೊಸ ಬ್ಯಾಟರಿ ತಂದರು. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕತೆ. ಆಮೇಲೆ ನೋಡಿದರೆ, ಗೋಡೆಯ ಮೇಲೆ ತಂತಿಗೆ ತಂತಿ ಹೊಸೆದು ಟೇಪು ಸುತ್ತಿದ್ದ ಜಾಗ ಒಳಗೆ ಹಸಿರುಗಟ್ಟಿತ್ತು. ಆ ಜೋಡಣೆ ಸರಿಮಾಡಿದ ಮೇಲೆ ದೀಪ ಸರಿಯಾಯಿತು. ಆದರೆ ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಹಂಡೆ ತುಂಬದಿದ್ದರೆ ಹಂಡೆ ತೂತಾಗಿದೆ ಅನ್ನುವ ಮೊದಲು ನಾವು ಪೈಪು ನೋಡ್ತೀವಿ, ಅಲ್ವೇ? ಇಲ್ಲಿಯೂ ಹಾಗೆಯೇ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಬ್ಯಾಟರಿ ಚೆನ್ನಾಗಿದ್ದರೂ ಟ್ರೇಲರಿನ ಹಿಂದಿನ ದೀಪ ಮಂಕಾಗಿರೋದನ್ನು ನೋಡಿರ್ತೀರಿ. ನಡುವಿನ ತಂತಿ ಉದ್ದ, ಜೋಡಣೆಯಲ್ಲಿ ತುಕ್ಕು. ಕರೆಂಟು ದಾರಿಯಲ್ಲೇ ಸೋತುಹೋಗ್ತದೆ. ಆದ್ದರಿಂದ ಬಿಸಿಲಿನಿಂದ ಬ್ಯಾಟರಿಯವರೆಗೆ ಇರುವ ದಾರಿಯನ್ನು ಕ್ರಮವಾಗಿ ನೋಡೋಣ. ಬೇಕಾಗಿರೋದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್. ಅದನ್ನು ಡಿಸಿ ವೋಲ್ಟಿಗೆ ಇಡಬೇಕು.

1. ಪ್ಯಾನೆಲ್: ಧೂಳು, ಎಲೆ, ಹಕ್ಕಿ ಹಿಕ್ಕೆ ಇದ್ದರೆ ಬೆಳಿಗ್ಗೆ ತಂಪಿನಲ್ಲಿ ನೀರಿನಿಂದ ಒರೆಸಿ. ಹಾಕಿಸಿದಾಗ ಚಿಕ್ಕದಿದ್ದ ಮರ ಈಗ ಬೆಳೆದು ನೆರಳು ಬೀಳ್ತದೋ ನೋಡಿ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲಿನ ಕೆಲಸ ತುಂಬಾ ಕುಗ್ಗುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. 12 ವೋಲ್ಟಿನ ದೀಪಕ್ಕೆ ಹಾಕುವ 36 ಬಿಲ್ಲೆಗಳ ಪ್ಯಾನೆಲಿನ ತಂತಿ ಬಿಚ್ಚಿ ಮಧ್ಯಾಹ್ನದ ಬಿಸಿಲಲ್ಲಿ ಅಳೆದರೆ ಸುಮಾರು 20 ವೋಲ್ಟ್ ಬರಬೇಕು.

2. ಬ್ಯಾಟರಿ: ಬೆಳಿಗ್ಗೆ ಬಿಸಿಲೇರುವ ಮುಂಚೆ, ದೀಪ ಆರಿಸಿ ಅಳೆಯಿರಿ. ತುಂಬಿದ ಬ್ಯಾಟರಿ ಸುಮಾರು 12.6 ತೋರಿಸ್ತದೆ. 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ. ಮಧ್ಯಾಹ್ನ ಮತ್ತೆ ಅಳೆಯಿರಿ. ಚಾರ್ಜ್ ಬರುತ್ತಿದ್ದರೆ ಅಂಕಿ ಏರಬೇಕು, ತುಂಬುತ್ತಾ ಬಂದಾಗ 14ರ ಹತ್ತಿರ ಹೋಗಬೇಕು. ಬೆಳಗಿನ ಅಂಕಿಯೇ ಇದ್ದರೆ ಚಾರ್ಜ್ ತಲುಪುತ್ತಿಲ್ಲ ಅಂತ ಅರ್ಥ.

3. ನಡುವಿನ ದಾರಿ: ಹೆಚ್ಚು ಮೋಸ ಆಗೋದು ಇಲ್ಲೇ. ಒಳ್ಳೆ ಬಿಸಿಲಿರುವಾಗ, ಗೋಡೆಯ ಮೇಲಿನ ಚಾರ್ಜ್ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಬ್ಯಾಟರಿ ತಂತಿ ಸೇರುವ ಜಾಗದಲ್ಲಿ ಅಳೆಯಿರಿ. ಕೂಡಲೇ ಬ್ಯಾಟರಿಯ ತಲೆಯ ಮೇಲೆ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಅರ್ಧ ವೋಲ್ಟ್ ವ್ಯತ್ಯಾಸ ಬಂದರೆ ಜೋಡಣೆ ಸಡಿಲ, ತುಕ್ಕು ಅಥವಾ ತಂತಿ ತೆಳ್ಳಗೆ. ಪೆಟ್ಟಿಗೆಯು ಬ್ಯಾಟರಿ ತುಂಬಿತು ಅಂದುಕೊಂಡು ಚಾರ್ಜ್ ಕಡಿಮೆ ಮಾಡ್ತದೆ. ಪಾಪ, ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗೆ ದಿನಗಟ್ಟಲೆ ಉಳಿದರೆ ಒಳಗಿನ ಸೀಸದ ಹಲಗೆಗಳು ಗಡುಸಾಗಿ ಬ್ಯಾಟರಿ ನಿಜವಾಗಿಯೂ ಕೆಡುತ್ತದೆ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಆಗ ಒಂದು ದೀಪ ಕಡಿಮೆ ಹಚ್ಚಿ.

4. ಸ್ವಚ್ಛತೆ: ಬ್ಯಾಟರಿ ತಲೆಯ ಮೇಲಿನ ಬಿಳಿ, ಹಸಿರು ಪುಡಿಯನ್ನು ಅಡಿಗೆ ಸೋಡಾ ಕಲಸಿದ ನೀರಿನಿಂದ ಒರೆಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ. ನೀರು ಹಾಕುವ ಬ್ಯಾಟರಿಯಾದರೆ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರೂ ಬೇಡ, ಆಸಿಡ್ಡೂ ಬೇಡ.

ಇಷ್ಟೆಲ್ಲ ಸರಿ ಇದ್ದು, ದಿನವಿಡೀ ಒಳ್ಳೆ ಬಿಸಿಲು ಕಂಡ ಮೇಲೂ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಅಂಕಿ ಸರ್ರನೆ ಇಳಿದರೆ, ಆಗ ಬ್ಯಾಟರಿಯ ಆಯುಷ್ಯ ಮುಗಿದಿದೆ ಅನ್ನಿ. ಸಾಲಕ್ಕೆ ಆಗ ಕಾರಣ ಉಂಟು. ಹಳೆಯದನ್ನು ಹಿತ್ತಲಿಗೆ ಎಸೆಯಬೇಡಿ, ಅದರಲ್ಲಿ ಸೀಸವಿದೆ, ಆಸಿಡ್ ಇದೆ. ಅಂಗಡಿಗೆ ಹಿಂದಿರುಗಿಸಿ, ಬೆಲೆಯಲ್ಲಿ ಎಷ್ಟು ಬಿಡ್ತೀರಿ ಅಂತ ಕೇಳಿ.

ಜಾಗ್ರತೆಯ ಮಾತು. ಕೆಲಸಕ್ಕೆ ಮುಂಚೆ ಲೋಹದ ಬಳೆ, ಉಂಗುರ ತೆಗೆದಿಡಿ. ಕೊರಳಿನ ಸರ ಜೋತು ಬೀಳದಂತೆ ಸೆರಗಿನೊಳಗೆ ಸಿಕ್ಕಿಸಿ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗಾಳಿ ಬರ್ತದೆ, ಹತ್ತಿರ ಚಿಮಣಿ, ಬೀಡಿ ಬೇಡ. ಬಿಚ್ಚುವಾಗ ಪೆಟ್ಟಿಗೆಯಿಂದ ಮೊದಲು ಪ್ಯಾನೆಲ್ ತಂತಿ, ಆಮೇಲೆ ಬ್ಯಾಟರಿ ತಂತಿ. ಕೂಡಿಸುವಾಗ ಮೊದಲು ಬ್ಯಾಟರಿ. ಕಣ್ಣಿಗೆ ಆಸಿಡ್ ಬಿದ್ದರೆ ತುಂಬಾ ಹೊತ್ತು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ. ಇನ್ವರ್ಟರ್ ಇರುವ ದೊಡ್ಡ ವ್ಯವಸ್ಥೆಯನ್ನು ಮಾತ್ರ ನೀವು ಬಿಚ್ಚಬೇಡಿ, ಬಲ್ಲವರನ್ನು ಕರೆಯಿರಿ.

ಕೊನೆಗೆ ಒಂದು ಕೋರಿಕೆ. ಪ್ರತಿ ಸಂಘವೂ ಒಂದು ಮೀಟರ್ ಕೊಳ್ಳಲಿ, ಇಬ್ಬರು ಸದಸ್ಯೆಯರು ಅಳೆಯೋದನ್ನು ಚೆನ್ನಾಗಿ ಕಲಿಯಲಿ. ಉಳಿತಾಯದ ಪುಸ್ತಕ ಬರೆದ ಹಾಗೆ ತಿಂಗಳಿಗೊಮ್ಮೆ ಪ್ರತಿ ಮನೆಯ ಬೆಳಗಿನ ಅಂಕಿ, ಮಧ್ಯಾಹ್ನದ ಅಂಕಿ ಬರೆದಿಡಿ. ಮಕ್ಕಳ ಓದಿಗೆ ಬೆಳಕೂ ಉಳಿಯುತ್ತದೆ, ಸಂಘದ ದುಡ್ಡೂ ಉಳಿಯುತ್ತದೆ. ಈಗ ಬನ್ನಿ, ಮೀಟರ್ ಇಲ್ಲೇ ಇದೆ, ಒಬ್ಬೊಬ್ಬರಾಗಿ ಅಳೆದು ನೋಡೋಣ.