ಹೊರಗಿನಿಂದ ಬಂದ ಗೋಡೆಗಳು

ನೂರೈವತ್ತು ವರ್ಷಗಳ ಹಿಂದೆ ಕನ್ನಡ ನಾಡಿನ ಒಬ್ಬ ಪ್ರೊಟೆಸ್ಟೆಂಟ್ ಕ್ರೈಸ್ತ ಯಾವ ಪಂಗಡದವನು ಎಂದು ತಿಳಿಯಲು ಅವನ ನಂಬಿಕೆಯನ್ನು ವಿಚಾರಿಸಬೇಕಾಗಿರಲಿಲ್ಲ. ಊರು ಯಾವುದೆಂದು ಕೇಳಿದರೆ ಸಾಕಿತ್ತು. ಬಳ್ಳಾರಿಯವನಾದರೆ ಲಂಡನ್ ಮಿಷನ್. ಗುಬ್ಬಿ, ತುಮಕೂರು, ಮೈಸೂರಿನ ಕಡೆಯವನಾದರೆ ವೆಸ್ಲಿಯನ್ ಮೆಥೊಡಿಸ್ಟ್. ಮಂಗಳೂರು, ಧಾರವಾಡ, ಹುಬ್ಬಳ್ಳಿಯವನಾದರೆ ಬಾಸೆಲ್ ಮಿಷನ್. ಒಂದೇ ಊರಿನಲ್ಲಿ ಇಬ್ಬರು ಪೈಪೋಟಿಗೆ ಇಳಿಯುವುದು ಬೇಡವೆಂದು ವಿದೇಶಿ ಮಿಷನ್‌ಗಳು ತಮ್ಮತಮ್ಮಲ್ಲೇ ಸೀಮೆಗಳನ್ನು ಹಂಚಿಕೊಂಡಿದ್ದವು.

ಬಿಷಪ್ಪರು ಬೇಕೋ ಬೇಡವೋ, ಸಭೆಯ ಆಡಳಿತ ಹಿರಿಯರ ಕೈಯಲ್ಲಿರಬೇಕೋ ಊರಿನ ಸಭೆಯ ಕೈಯಲ್ಲೋ ಎಂಬ ಜಗಳಗಳು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ತಲೆಮಾರುಗಟ್ಟಲೆ ನಡೆದಿದ್ದವು. ಗುಬ್ಬಿಯ ರೈತನಿಗೆ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಆದರೂ ಆ ಜಗಳ ಎಬ್ಬಿಸಿದ ಗೋಡೆಗಳ ನಡುವೆಯೇ ಅವನು ಪ್ರಾರ್ಥನೆ ಮಾಡಬೇಕಾಯಿತು.

ಇದನ್ನು ಬಾಯಿಬಿಟ್ಟು ಹೇಳಿದವರು ಇಲ್ಲಿಯವರೇ. 1919ರ ಮೇ ತಿಂಗಳ ಮೊದಲ ಎರಡು ದಿನ ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ ಕೆಲವು ಸಭಾಪಾಲಕರು ಸೇರಿದರು. ಬಹುತೇಕ ಎಲ್ಲರೂ ಭಾರತೀಯರು. ಅವರ ಮುಂದಾಳುಗಳಲ್ಲಿ ಒಬ್ಬರು ವೇದನಾಯಕಂ ಅಜರಯ್ಯ. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, 1912ರಿಂದ ದೋರ್ನಕಲ್‌ನಲ್ಲಿದ್ದವರು. ತಮ್ಮನ್ನು ಬೇರೆಬೇರೆ ಮಾಡಿರುವ ಒಡಕಿಗೆ ತಾವು ಕಾರಣರಲ್ಲ, ಅದು ಹೊರಗಿನಿಂದ ತಮ್ಮ ಮೇಲೆ ಬಂದದ್ದು, ಅದನ್ನು ಹೊತ್ತು ತಿರುಗುವ ಇಚ್ಛೆ ತಮಗಿಲ್ಲ ಎಂದು ಅವರು ಬರೆದು ಪ್ರಕಟಿಸಿದರು. ವಿದೇಶಿ ಆಳ್ವಿಕೆಯ ಕಾಲದಲ್ಲಿ, ವಿದೇಶಿ ಹಣದಿಂದ ನಡೆಯುವ ಸಂಸ್ಥೆಗಳ ಒಳಗಿದ್ದುಕೊಂಡೇ ಇಷ್ಟು ನೇರವಾಗಿ ಮಾತಾಡಿದ ಆ ಸಭಾಪಾಲಕರ ಧೈರ್ಯಕ್ಕೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ತಕ್ಕ ಜಾಗ ಸಿಕ್ಕಿಲ್ಲ.

ಆದರೆ ಒಟ್ಟಿಗೆ ಆರಾಧನೆ ಮಾಡುವ ಮೊದಲೇ ಈ ಸಭೆಗಳು ಒಟ್ಟಿಗೆ ಕೆಲಸ ಮಾಡಿ ನೋಡಿದ್ದವು. 1910ರಲ್ಲಿ ಲಂಡನ್ ಮಿಷನ್, ವೆಸ್ಲಿಯನ್ ಮಿಷನ್, ಸ್ಕಾಟ್ಲೆಂಡಿನ ಒಂದು ಸಭೆ ಮೊದಲಾದವು ಸೇರಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಕಟ್ಟಿದವು. ಒಂದೇ ತರಗತಿಯಲ್ಲಿ ಕಲಿತು, ಒಂದೇ ಊಟದ ಪಂಕ್ತಿಯಲ್ಲಿ ಕುಳಿತ ಹುಡುಗರು ಮುಂದೆ ಬೇರೆಬೇರೆ ಸಭೆಗಳ ಪಾಲಕರಾದರು. ವೆಲ್ಲೂರಿನಲ್ಲಿ ವೈದ್ಯೆ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯ ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದದ್ದೂ ಹಲವು ಸಭೆಗಳು ಹೆಗಲು ಕೊಟ್ಟಿದ್ದರಿಂದಲೇ. ಹಾಸಿಗೆ ಹಿಡಿದ ರೋಗಿಗೆ ಮೆಥೊಡಿಸ್ಟ್ ಜ್ವರ, ಆಂಗ್ಲಿಕನ್ ಜ್ವರ ಎಂಬ ಭೇದ ಇರಲಾರದು.

ತರಂಗಂಬಾಡಿಯ ಮಾತು ನಿಜವಾಗಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಸ್ವಾತಂತ್ರ್ಯ ಬಂದು ಆರು ವಾರಗಳಾಗಿದ್ದವಷ್ಟೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಸ್ಐ, ಹುಟ್ಟಿತು. ಬಿಷಪ್ಪರಿರುವ ಸಭೆಯೂ ಬಿಷಪ್ಪರನ್ನು ಒಲ್ಲದ ಸಭೆಯೂ ಹೀಗೆ ಒಂದೇ ಆಡಳಿತದೊಳಗೆ ಬಂದದ್ದು ಜಗತ್ತಿಗೇ ಹೊಸತು. ಆ ದಿನ ಅಭಿಷೇಕಗೊಂಡ ಹೊಸ ಬಿಷಪ್ಪರಲ್ಲಿ ಮೈಸೂರಿನ ಹೊಣೆ ಹೊತ್ತ ಗುರುಶಾಂತ ಅವರಿದ್ದರು. ಹೆಸರಿನಲ್ಲೇ ಹೊಸಪೇಟೆಯನ್ನು ಹೊತ್ತ ಸುಮಿತ್ರ ಅವರೂ ಇದ್ದರು.

ಈ ಐಕ್ಯ ಅಗ್ಗಕ್ಕೆ ಸಿಗಲಿಲ್ಲ. ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದ ಪಾಲಕರನ್ನು ಒಪ್ಪುವುದು ಹೇಗೆ ಎಂಬುದು ಆಂಗ್ಲಿಕನ್ನರ ತಕರಾರು. ಬಿಷಪ್ಪರೆಂದರೆ ದೊರೆತನ ಮತ್ತೆ ಬಂದಂತೆ ಎಂಬುದು ಉಳಿದವರ ಅಂಜಿಕೆ. ಕೊನೆಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಆಗಲೇ ಸೇವೆಯಲ್ಲಿದ್ದ ಯಾರಿಗೂ ಮರುದೀಕ್ಷೆ ಬೇಡ, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗಲಿ, ಮನಸ್ಸಿಗೆ ಒಗ್ಗದ ಪಾಲಕರನ್ನು ಯಾವ ಸಭೆಯ ಮೇಲೂ ಹೇರುವುದು ಬೇಡ ಎಂದು ಒಪ್ಪಂದವಾಯಿತು. ಇಂಗ್ಲೆಂಡಿನಲ್ಲಿ ಹಲವರು ಮುನಿಸಿಕೊಂಡರು. 1948ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು ಈ ಹೊಸ ಸಭೆಗೆ ಪೂರ್ಣ ಮಾನ್ಯತೆ ಕೊಡಲಿಲ್ಲ. ಅಪ್ಪುಗೆಗೆ ಬದಲಾಗಿ ಅನುಮಾನ ಸಿಕ್ಕರೂ ಇಲ್ಲಿಯವರು ಕಟ್ಟಿದ್ದನ್ನು ಕೆಡವಲಿಲ್ಲ.

ಅಷ್ಟೇ ಅಲ್ಲ, ಕೊಡುವ ಸ್ಥಾನದಲ್ಲೂ ನಿಂತರು. 1950ರಲ್ಲಿ ರೂಪುಗೊಂಡ ಸಿಎಸ್ಐಯ ಪವಿತ್ರ ಭೋಜನದ ಕ್ರಮದಲ್ಲಿ ಹಳೆಯ ಪದ್ಧತಿಗಳು ಮತ್ತೆ ಜೀವ ಪಡೆದವು. ಪಾಲಕರು ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲುತ್ತಾರೆ. ಅವರಿಂದ ಹೊರಟ ಸಮಾಧಾನದ ಹಾರೈಕೆ ಕೈಯಿಂದ ಕೈಗೆ ದಾಟುತ್ತಾ ಕೊನೆಯ ಸಾಲಿನವರೆಗೂ ಹೋಗುತ್ತದೆ. ಹೀಗೆ ಸಮಾಧಾನವನ್ನು ಹಂಚಿಕೊಳ್ಳುವುದು ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಕಾಪಾಡಿಕೊಂಡು ಬಂದ ರೂಢಿ. ಪಕ್ಕದವರ ಅಂಗೈಯನ್ನು ಮುಟ್ಟಿ ಜನ ಭೋಜನದ ಮೇಜಿಗೆ ಹೋಗುತ್ತಾರೆ. ಮುಂದೆ ಪಶ್ಚಿಮದ ಅನೇಕ ಸಭೆಗಳು ತಮ್ಮ ಆರಾಧನಾ ಕ್ರಮವನ್ನು ತಿದ್ದಿಕೊಳ್ಳುವಾಗ ಈ ಕನ್ನಡ, ತಮಿಳು, ತೆಲುಗು, ಮಲಯಾಳಂ ಸಭೆಯ ಪುಸ್ತಕವನ್ನು ಮುಂದಿಟ್ಟುಕೊಂಡವು.

ಕೆಥೊಲಿಕರು ಈ ಬಳಗದ ಹತ್ತಿರ ಬಂದದ್ದು ಎರಡನೆಯ ವ್ಯಾಟಿಕನ್ ಪರಿಷತ್ತಿನ ನಂತರ. 1964ರ ನವೆಂಬರಿನಲ್ಲಿ ಆ ಪರಿಷತ್ತು ಕ್ರೈಸ್ತ ಐಕ್ಯದ ಕುರಿತು ಆದೇಶ ಹೊರಡಿಸಿತು. ಅಲ್ಲಿಯವರೆಗೆ ಬೇರೆ ಪಂಗಡದ ಆರಾಧನೆಯಿಂದ ದೂರವಿರಬೇಕಾಗಿದ್ದ ಕೆಥೊಲಿಕರಿಗೆ ಜೊತೆಯಾಗಿ ಪ್ರಾರ್ಥಿಸುವ ದಾರಿ ತೆರೆಯಿತು. ಈಗ ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನೆ ನಡೆಯುತ್ತದೆ. ಫಾದರ್ ಒಬ್ಬರು ಸಿಎಸ್ಐ ದೇವಾಲಯದಲ್ಲಿ ಪ್ರಸಂಗ ಮಾಡುತ್ತಾರೆ, ಸಿಎಸ್ಐ ಪಾಲಕರು ಕೆಥೊಲಿಕ್ ಚರ್ಚಿನಲ್ಲಿ ವಾಕ್ಯ ಓದುತ್ತಾರೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಹೆಂಗಸರು ನಡೆಸುವ ವಿಶ್ವ ಪ್ರಾರ್ಥನಾ ದಿನದಲ್ಲೂ ಪಂಗಡದ ಲೆಕ್ಕ ಇರುವುದಿಲ್ಲ. ಪವಿತ್ರ ಭೋಜನದ ಮೇಜು ಮಾತ್ರ ಕೆಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಇನ್ನೂ ಬೇರೆಬೇರೆ. ಗಂಡ ಒಂದು ಸಭೆಯವನು, ಹೆಂಡತಿ ಇನ್ನೊಂದು ಸಭೆಯವಳು ಆಗಿರುವ ಮನೆಗಳಲ್ಲಿ ಈ ನೋವು ಭಾನುವಾರ ಭಾನುವಾರವೂ ಅರಿವಿಗೆ ಬರುತ್ತದೆ.

ಹೊರಗಿನಿಂದ ಬಂದ ಗೋಡೆಗಳ ಕತೆ ಇಷ್ಟು. ಮೊದಲಿನಿಂದ ಇಲ್ಲೇ ಇದ್ದ ಗೋಡೆಯೊಂದಿದೆ, ಅದು ಜಾತಿ. ಪಂಗಡಗಳನ್ನು ಒಂದು ಮಾಡಿದ ಸಭೆಗಳಲ್ಲೂ ಅದು ನುಸುಳಿತು. ಕೆಲವೆಡೆ ಕೂರುವ ಜಾಗದಲ್ಲಿ, ಕೆಲವೆಡೆ ಸಮಾಧಿ ಭೂಮಿಯಲ್ಲಿ, ಎಷ್ಟೋ ಕಡೆ ಮದುವೆಯ ಮಾತುಕತೆಯಲ್ಲಿ. ಇದನ್ನು ಹೆಸರಿಟ್ಟು ಕರೆದ ದೊಡ್ಡ ದನಿಯೂ ಪಂಗಡಗಳು ಸೇರಿ ಕಟ್ಟಿದ ಬೆಂಗಳೂರಿನ ಅದೇ ಕಾಲೇಜಿನಿಂದ ಹೊರಟಿತು. ಅಲ್ಲಿ 1981ರಲ್ಲಿ ದೇವತಾಶಾಸ್ತ್ರದ ವಿದ್ವಾಂಸ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಎಂಬ ಹೊಸ ಚಿಂತನೆ ಬೆಳೆಯಿತು. 2013ರಲ್ಲಿ ಐಕ್ಯ ಪ್ರಾರ್ಥನಾ ವಾರದ ಪಾಠಗಳನ್ನು ಇಡೀ ಜಗತ್ತಿಗಾಗಿ ಸಿದ್ಧಪಡಿಸುವ ಸರದಿ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಗೆ ಬಂದಿತು. ಅವರು ಮೀಕ ಪ್ರವಾದಿಯ ಗ್ರಂಥದ ಆರನೆಯ ಅಧ್ಯಾಯವನ್ನು ಆರಿಸಿ, ದಲಿತರ ಬದುಕನ್ನು ಪ್ರಾರ್ಥನೆಯ ನಡುವೆ ಇಟ್ಟರು. ಆ ವರ್ಷ ದೂರದೂರದ ದೇಶಗಳ ಸಭೆಗಳೂ ಅದನ್ನೇ ಓದಿ ಪ್ರಾರ್ಥಿಸಿದವು. 2016ರ ಡಿಸೆಂಬರಿನಲ್ಲಿ ಭಾರತದ ಕೆಥೊಲಿಕ್ ಬಿಷಪ್ಪರ ಮಂಡಳಿ ದಲಿತರ ಸಬಲೀಕರಣಕ್ಕೆ ನೀತಿಯೊಂದನ್ನು ಹೊರತಂದು, ಸಭೆಯೊಳಗೆ ಜಾತಿಭೇದ ಇದೆ ಎಂದು ಒಪ್ಪಿಕೊಂಡಿತು.

ಇನ್ನು ಉಳಿದಿರುವುದು ಊರೂರಿನ ಸಭೆಗಳ ಕೆಲಸ. ಜನವರಿಯ ಎಂಟು ದಿನ ಒಂದೇ ಪೀಠದ ಮುಂದೆ ನಿಲ್ಲುವ ಕೆಥೊಲಿಕ್, ಸಿಎಸ್ಐ ಮೊದಲಾದ ಸಭೆಗಳ ಹಿರಿಯರು ತಮ್ಮ ಊರಿನ ಸಮಾಧಿ ಭೂಮಿಯ ವಿಚಾರವನ್ನೂ ಜೊತೆಯಾಗಿ ಕುಳಿತು ಮಾತಾಡಬಹುದು. ಸಭೆಯ ಸಮಿತಿಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಬಹುದು. ಹೊರಗಿನ ಜಗಳವನ್ನು ಬಿಡಿಸಲು ಸಿಎಸ್ಐಯ ಹಿರೀಕರು ಇಪ್ಪತ್ತೆಂಟು ವರ್ಷ ಪಟ್ಟುಹಿಡಿದು ಕುಳಿತಿದ್ದರು. ಒಳಗಿನ ಈ ಕೆಲಸವೂ ಅಂಥದೇ ಪಟ್ಟನ್ನು ಕೇಳುತ್ತಿದೆ.