ಪರೀಕ್ಷೆಯ ವಾರ ಮತ್ತು ನಮ್ಮ ಸಂಘ



ಮೊದಲ ಸೆಮಿಸ್ಟರ್ ಮುಗಿಯುತ್ತಾ ಬಂತು. ದಸರಾ ರಜೆಗೆ ಮುಂಚೆ ಮಕ್ಕಳಿಗೆ ಪರೀಕ್ಷೆ. ಹಿಂದೊಮ್ಮೆ ಏಳನೇ ತರಗತಿಯ ವಿಜ್ಞಾನ ಪರೀಕ್ಷೆಯ ದಿನ ಒಬ್ಬ ಹುಡುಗಿ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದಿದ್ದಳು. ತಾಯಿ ಎಲ್ಲಿ? ಸಂಘದ ಸಭೆಯಲ್ಲಿ! ಆ ಸಭೆ ಕರೆದವರು ನಾವೇ. ನಮಗೆ ತುಂಬಾ ನಾಚಿಕೆಯಾಯಿತು.

6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಆ ಹಕ್ಕನ್ನು ಮನೆಯಲ್ಲಿ ಕಾಪಾಡಬೇಕಾದವರು ನಾವು.

“ನಮಗೆ ಓದು ಬರಲ್ಲ ಸಿಸ್ಟರ್, ವಿಜ್ಞಾನ ಏನು ಹೇಳಿಕೊಡೋದು?” ಅಂತೀರಿ. ಅರಿಶಿನದ ಕಲೆಗೆ ಬಟ್ಟೆ ಸೋಪು ಹಚ್ಚಿದರೆ ಕೆಂಪಾಗುತ್ತೆ, ಅಲ್ವಾ? ಅದರ ಮೇಲೆ ನಿಂಬೆರಸ ಹಿಂಡಿ, ಮತ್ತೆ ಹಳದಿಯಾಗುತ್ತೆ. ಸೋಪಿನಲ್ಲಿ ಪ್ರತ್ಯಾಮ್ಲ, ನಿಂಬೆಯಲ್ಲಿ ಆಮ್ಲ; ಅವನ್ನು ಗುರುತಿಸುವ ಅರಿಶಿನವೇ ಸೂಚಕ. ಮಕ್ಕಳ ಪಾಠವೂ ಇದೇ! ಹಾಲು ಹೆಪ್ಪಾಗುವುದು ಬ್ಯಾಕ್ಟೀರಿಯಾದ ಕೆಲಸ. ನೀವು ಮಾಡಿ ತೋರಿಸಿ, ಕಾರಣ ಮಗು ಹೇಳಲಿ. ಬಾಯಿಬಿಟ್ಟು ಹೇಳಿದ ಪಾಠ ಬೇಗ ಮರೆಯುವುದಿಲ್ಲ.

ಇಂದೇ ನಿರ್ಣಯ ಪುಸ್ತಕದಲ್ಲಿ ಬರೆಯೋಣ: ಪರೀಕ್ಷೆಯ ವಾರ ಹಗಲು ಸಭೆ ಬೇಡ. ಕೂಸುಗಳನ್ನು ಸರದಿಯ ಮೇಲೆ ನಾವೇ ನೋಡಿಕೊಳ್ಳೋಣ. ಒಬ್ಬ ಮಗಳೂ ಪರೀಕ್ಷೆ ತಪ್ಪಿಸಿಕೊಳ್ಳದಿರಲಿ.

ದೇವರು ನಿಮ್ಮೆಲ್ಲರನ್ನೂ ಹರಸಲಿ.