ಒಂದು ಹೆಬ್ಬೆರಳಿಗೆ ಇಪ್ಪತ್ತು ಸಾವಿರನಾ?



ಇವತ್ತು ರಾಜಕೀಯ ಬೇಡ, ಗ್ಯಾರೇಜಿನ ಬಗ್ಗೆ ಮಾತಾಡೋಣ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಿಂದ ಹಿಡಿದು ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿವರೆಗೆ, ನಮ್ಮ ಗಾಡಿಗಳು ಓಡ್ತಾ ಇರೋದು ಎಣ್ಣೆ ಮೆತ್ತಿದ ಕೈಗಳಿಂದ. ಆ ಕೈಗೆ ಏಟಾದರೆ ಆಮೇಲೇನು?

ನಾನು ಓದಿದ್ದು ಇಂಜಿನಿಯರಿಂಗ್. ಒಂದು ಸಣ್ಣ ಲೆಕ್ಕ ಹೇಳ್ತೀನಿ. ಲಾರಿ ಟೈರಿನಲ್ಲಿ 100 ಪಿಎಸ್‌ಐ ಗಾಳಿ ಸಾಮಾನ್ಯ. ಅಂದರೆ ಒಂದೊಂದು ಚದರ ಇಂಚಿನ ಮೇಲೂ ಸುಮಾರು 45 ಕಿಲೋ ಒತ್ತಡ. ಲಾಕ್ ರಿಂಗ್ ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಅದು ಗುಂಡಿನ ಹಾಗೆ ಹಾರುತ್ತೆ. ಅದಕ್ಕೇ ಚಕ್ರವನ್ನು ಕಬ್ಬಿಣದ ಪಂಜರದೊಳಗೆ ಇಟ್ಟು ಗಾಳಿ ತುಂಬಬೇಕು. ಟಿಪ್ಪರ್ ಕಥೆಯೂ ಅಷ್ಟೇ. ಎತ್ತಿದ ಬಾಡಿಯನ್ನ ಹಿಡಿದಿರೋದು ಹೈಡ್ರಾಲಿಕ್ ಎಣ್ಣೆ. ಒಂದು ಹೋಸ್ ಒಡೆದರೆ ಸಾಕು, ಕೆಳಗೆ ಕೆಲಸ ಮಾಡ್ತಿದ್ದವನು ಹೊರಗೆ ಬರೋಕೆ ಸಮಯವೇ ಇರಲ್ಲ. ಆಸರೆಗೆ ಗಟ್ಟಿ ಊರುಗೋಲು ಕೊಡದೆ ಯಾರನ್ನೂ ಅದರಡಿ ಕಳಿಸಬಾರದು. ಪಂಜರಕ್ಕೆ, ಊರುಗೋಲಿಗೆ ದುಡ್ಡು ಹಾಕಬೇಕಾದವರು ಯಾರು? ಮಾಲೀಕರು.

ಆದರೆ ಏಟಾದ ಮೇಲೆ ಏನಾಗುತ್ತೆ? ವರದಿಗಾರನಾಗಿ ಆಸ್ಪತ್ರೆ ವಾರ್ಡುಗಳಲ್ಲಿ ಕೇಳಿ ಕೇಳಿ ಆ ಮಾತುಗಳು ನನಗೆ ಬಾಯಿಪಾಠ ಆಗಿವೆ. "ನೀನೇ ಸರಿಯಾಗಿ ನೋಡ್ಕೋಬೇಕಿತ್ತು." "ಇಪ್ಪತ್ತು ಸಾವಿರ ತಗೋ, ಇಲ್ಲೊಂದು ಸಹಿ ಹಾಕು, ಊರಿಗೆ ಹೋಗಿ ರೆಸ್ಟ್ ಮಾಡು."

ಸ್ವಾಮಿ, ಆ ಕಾಗದಕ್ಕೆ ಬೆಲೆ ಇಲ್ಲ. 1923ರಿಂದಲೇ ಈ ದೇಶದಲ್ಲಿ ಪರಿಹಾರದ ಕಾನೂನಿದೆ. 2025ರಲ್ಲಿ ರದ್ದಾಗುವಾಗ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಅಂತ ಇತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಅದರ ತಿರುಳು ಸೇರಿದೆ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಕಾರ್ಮಿಕ ಬರೆದುಕೊಟ್ಟರೆ ಆ ಒಪ್ಪಂದ ಅಸಿಂಧು ಅನ್ನುತ್ತೆ ಕಾನೂನು. ಅದು ಯಾರಿಗೆಲ್ಲ ಅನ್ವಯ ಅನ್ನೋ ಪಟ್ಟಿಯಲ್ಲಿ ವಾಹನ ರಿಪೇರಿ, ನಿರ್ವಹಣೆಯ ಕೆಲಸ ಸ್ಪಷ್ಟವಾಗಿ ಇದೆ. ಮತ್ತೆ, "ನಿನ್ನ ಅಜಾಗರೂಕತೆ" ಅಂದುಬಿಟ್ಟರೆ ಮಾಲೀಕರು ತಪ್ಪಿಸಿಕೊಳ್ಳೋಕೆ ಆಗಲ್ಲ. ಕುಡಿದಿದ್ದ, ಬೇಕಂತಲೇ ಸುರಕ್ಷತಾ ನಿಯಮ ಮುರಿದ ಅಂತ ತೋರಿಸಬೇಕು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಆ ವಾದವೂ ನಡೆಯಲ್ಲ.

ಈಗ ಇನ್ನೊಂದು ಲೆಕ್ಕ. 25 ವರ್ಷದ ಮೆಕ್ಯಾನಿಕ್, ಸಂಬಳ 15,000 ಅಂತ ಇಟ್ಕೊಳ್ಳಿ. ಹೆಬ್ಬೆರಳು ಹೋಯಿತು. ಕಾನೂನಿನ ಪಟ್ಟಿ ಪ್ರಕಾರ ಅದು ಗಳಿಕೆ ಸಾಮರ್ಥ್ಯದಲ್ಲಿ ಶೇ. 30 ನಷ್ಟ. ಸಂಬಳದ ಶೇ. 60, ಅಂದರೆ 9,000. ಆ ವಯಸ್ಸಿನ ಗುಣಕ 216.91. ಗುಣಿಸಿ, ಅದರಲ್ಲಿ ಶೇ. 30 ತೆಗೆಯಿರಿ. ಎಷ್ಟು ಬಂತು? 5,85,657 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. ಇಪ್ಪತ್ತು ಸಾವಿರ ಎಲ್ಲಿ, ಇದೆಲ್ಲಿ? ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೂ ದಂಡ ಬೀಳಬಹುದು. ಇಎಸ್‌ಐಗೆ ಸೇರಿದ ಕಾರ್ಮಿಕನಾದರೆ ಮಾಲೀಕರ ಬದಲು ಇಎಸ್‌ಐ ನಿಗಮದಿಂದಲೇ ಅಂಗವೈಕಲ್ಯ ಭತ್ಯೆ, ಚಿಕಿತ್ಸೆ ಸಿಗುತ್ತೆ.

ಗ್ಯಾರೇಜಿನ ಗೆಳೆಯರೇ, ಡಾಕ್ಟರ್ ಕೇಳಿದಾಗ "ಮನೇಲಿ ಬಿದ್ದೆ" ಅನ್ನಬೇಡಿ. ಎಲ್ಲಿ, ಯಾವ ಕೆಲಸದಲ್ಲಿ ಏಟಾಯಿತೋ ಹಾಗೇ ಬರೆಸಿ. ನೇಮಕಾತಿ ಪತ್ರ ಇಲ್ಲ ಅಂತ ಸುಮ್ಮನಾಗಬೇಡಿ. ಸಂಬಳ ಬಂದ ಫೋನ್ ಮೆಸೇಜ್, ಜೊತೆ ಕೆಲಸಗಾರರ ಸಾಕ್ಷಿ, ಅಪಘಾತದ ಫೋಟೋ, ಎಲ್ಲ ಇಟ್ಕೊಳ್ಳಿ. ಎರಡು ವರ್ಷದೊಳಗೆ ಅರ್ಜಿ ಹಾಕಿ. ದಾರಿ ಗೊತ್ತಾಗದಿದ್ದರೆ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿ ವಕೀಲರ ನೆರವು ಉಚಿತ, ಕಾರ್ಮಿಕರಿಗೆ ಆ ಹಕ್ಕೂ ಇದೆ.

ಮಾಲೀಕರಿಗೂ ಒಂದು ಮಾತು. ನೀವೂ ಕಷ್ಟಪಟ್ಟು ಮೇಲೆ ಬಂದವರು, ಒಪ್ತೀನಿ. ಹಾಗಾದರೆ ವಿಮೆ ಮಾಡಿಸಿ. ಲಾರಿಗೆ ಮಾಡಿಸ್ತೀರಿ, ಅಂಗಡಿಗೆ ಮಾಡಿಸ್ತೀರಿ. ಲಾರಿ ಕೆಳಗೆ ಮಲಗಿ ಕೆಲಸ ಮಾಡೋ ಹುಡುಗನಿಗೆ ಯಾಕಿಲ್ಲ? ನಾಳೆ ಬೆಳಿಗ್ಗೆ ಶಟರ್ ಎತ್ತೋ ಮುಂಚೆ ಇದೊಂದನ್ನ ಯೋಚನೆ ಮಾಡಿ.